ದುಬಾರಿ ಹೆಲ್ಮೆಟ್‌ಗಳನ್ನು ನಾನು ಹೋಲಿಸಿ ನೋಡಿದ ಬಗೆ

ಹಳೆಯ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಚಪ್ಪಟೆಯಾಗಿ, ತಲೆ ತಿರುಗಿಸಿದಾಗ ಹೆಲ್ಮೆಟ್ ಒಂದು ಕ್ಷಣ ತಡವಾಗಿ ತಿರುಗತೊಡಗಿದ ಮೇಲೆ ಹೊಸದನ್ನು ಕೊಳ್ಳಲು ನಿರ್ಧರಿಸಿದೆ. ಅರಾಯ್, ಶೋಯಿ ಮತ್ತು ಎಜಿವಿ ಕಂಪನಿಗಳ, ಮುಖವನ್ನು ಪೂರ್ತಿ ಮುಚ್ಚುವ ಮೇಲ್ದರ್ಜೆಯ ಮಾದರಿಗಳನ್ನು ಹೋಲಿಸಲು ಆರಿಸಿಕೊಂಡೆ. ಬಣ್ಣ, ಗಾಳಿಕಿಂಡಿ, ಸದ್ದು ಇವೆಲ್ಲವನ್ನೂ ಬದಿಗಿಟ್ಟು, ಇದು ನನ್ನ ತಲೆಗೆ ಸರಿಯಾಗಿ ಕೂರುತ್ತದೆಯೇ, ಪೆಟ್ಟು ಬಿದ್ದಾಗ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಮುಂದಿಟ್ಟುಕೊಂಡೆ. ಪ್ರಯೋಗಾಲಯದಲ್ಲಿ ಹೆಲ್ಮೆಟ್ ತೋರುವ ರಕ್ಷಣೆಯೆಲ್ಲ ಅದು ಪೆಟ್ಟಿನ ಗಳಿಗೆಯಲ್ಲಿ ತನ್ನ ಜಾಗದಲ್ಲೇ ಇದ್ದರೆ ಮಾತ್ರ ಸವಾರನಿಗೆ ಸಿಗುವುದರಿಂದ, ನಾನು ಅಳತೆಯಿಂದಲೇ ಆರಂಭಿಸಿದೆ.

ಹುಬ್ಬಿನಿಂದ ಒಂದು ಬೆರಳಿನಷ್ಟು ಮೇಲೆ, ಹಿಂಬದಿಯಲ್ಲಿ ತಲೆ ಹೆಚ್ಚು ಉಬ್ಬಿರುವ ಜಾಗವನ್ನು ಬಳಸಿ ಟೇಪು ಸುತ್ತಿ ಸುತ್ತಳತೆ ತೆಗೆದುಕೊಂಡೆ. ಆದರೆ ಈ ಒಂದು ಸಂಖ್ಯೆ ತಲೆಯ ಆಕಾರವನ್ನು ಹೇಳುವುದಿಲ್ಲ. 58 ಸೆಂಟಿಮೀಟರ್ ಸುತ್ತಳತೆಯ ಎರಡು ತಲೆಗಳಲ್ಲಿ ಒಂದು ಹಿಂದಕ್ಕೆ ಮುಂದಕ್ಕೆ ಉದ್ದವಾಗಿಯೂ ಇನ್ನೊಂದು ಹೆಚ್ಚುಕಡಿಮೆ ದುಂಡಾಗಿಯೂ ಇರಬಹುದು. ಕೂದಲನ್ನು ಒದ್ದೆ ಮಾಡಿ ಒತ್ತಿಕೊಂಡು, ನೆತ್ತಿಯ ಮೇಲಿನಿಂದ ಫೋಟೋ ತೆಗೆಸಿ ನೋಡಿದಾಗ ನನ್ನದು ಉದ್ದನೆಯ ತಲೆ ಎಂಬುದು ಸ್ಪಷ್ಟವಾಯಿತು. ಅರಾಯ್ ಕಂಪನಿ ಬೇರೆ ಬೇರೆ ಮಾದರಿಗಳನ್ನು ಬೇರೆ ಬೇರೆ ಒಳ ಆಕಾರಗಳಲ್ಲಿ ತಯಾರಿಸುತ್ತದೆ. ಇನ್ನು ಶೋಯಿಯಂಥ ತಯಾರಕರು ಎಲ್ಲ ಸೈಜುಗಳಿಗೂ ಒಂದೇ ಹೊರಕವಚ ಬಳಸಿ ಒಳಗೆ ಸ್ಪಂಜು ತುಂಬುವ ಬದಲು ಹಲವು ಅಳತೆಯ ಕವಚಗಳನ್ನು ಮಾಡುತ್ತಾರೆ. ದುಬಾರಿ ಹೆಲ್ಮೆಟ್ಟಿಗೆ ಕೊಡುವ ಹೆಚ್ಚಿನ ಹಣದಲ್ಲಿ ನಿಜವಾಗಿ ಸಾರ್ಥಕವಾಗುವ ಪಾಲು ಇಂಥ ಕಡೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ತೊಟ್ಟು ನೋಡುವುದಕ್ಕೆ ಆತುರ ಪಡಲಿಲ್ಲ. ಪ್ರತಿಯೊಂದನ್ನೂ ಕನಿಷ್ಠ ಅರ್ಧ ಗಂಟೆ ತಲೆಯ ಮೇಲಿಟ್ಟುಕೊಂಡು ಕುಳಿತೆ, ಏಕೆಂದರೆ ಹಣೆಯ ಒಂದೇ ಬಿಂದುವಿನಲ್ಲಿ ಒತ್ತುವ ಹೆಲ್ಮೆಟ್ ಮೊದಲ ಐದು ನಿಮಿಷ ಹಿತವಾಗಿಯೇ ಇರುತ್ತದೆ. ನೋವು ಆಮೇಲೆ ಬರುತ್ತದೆ. ತೆಗೆದ ಕೂಡಲೇ ಕನ್ನಡಿಯಲ್ಲಿ ಹಣೆ ನೋಡಿಕೊಂಡೆ. ಕೆಂಪು ಗುರುತು ಒಂದೇ ಕಡೆ ಗಾಢವಾಗಿ ಮೂಡಿದ್ದರೆ ಆ ಆಕಾರ ನನಗಲ್ಲ ಎಂದು ತೀರ್ಮಾನಿಸಿದೆ. ಕೆನ್ನೆಗಳು ಬಿಗಿಯಾಗಿ ಒತ್ತಿಕೊಂಡಿರುವುದು ತಪ್ಪಲ್ಲ, ಕೆನ್ನೆಯ ಪ್ಯಾಡುಗಳು ಬಳಸುತ್ತ ಮೆತ್ತಗಾಗುತ್ತವೆ. ಹೆಲ್ಮೆಟ್ಟನ್ನು ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಅದರ ಜೊತೆ ಕೆನ್ನೆಯ ಚರ್ಮವೂ ಎಳೆಯಬೇಕು. ಕೊನೆಗೆ ಗಲ್ಲದ ಪಟ್ಟಿ ಬಿಗಿದು, ಹಿಂಭಾಗದ ಕೆಳ ಅಂಚನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ಎಳೆಯುವಂತೆ ಸ್ನೇಹಿತನಿಗೆ ಹೇಳಿದೆ. ಈ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಯುರೋಪಿನ ಮಾನದಂಡದಲ್ಲೂ ಇಂಥದೇ ಪರೀಕ್ಷೆಯಿದೆ: 10 ಕಿಲೋ ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬಿಟ್ಟು ಹೆಲ್ಮೆಟ್ಟಿನ ಹಿಂಬದಿಯನ್ನು ಜಗ್ಗಿದಾಗ ಅದು 30 ಡಿಗ್ರಿಗಿಂತ ಹೆಚ್ಚು ಹೊರಳಬಾರದು. ಮೂರರಲ್ಲಿ ಒಂದು ನನ್ನ ಸೈಜಿನಲ್ಲಿ ಹಣೆಯನ್ನು ಒತ್ತುತ್ತಿತ್ತು, ಮುಂದಿನ ಸೈಜಿನಲ್ಲಿ ಆ ನೋವು ಹೋದರೂ ಎಳೆದಾಗ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತಿತ್ತು. ಬೇರೆ ಆಕಾರದ ತಲೆಗೆ ಅದು ಒಳ್ಳೆಯದೇ ಇರಬಹುದು, ಆದರೆ ನನ್ನ ಪಟ್ಟಿಯಿಂದ ಅದನ್ನು ತೆಗೆದುಹಾಕಿದೆ.

ಉಳಿದ ಎರಡರ ನಡುವೆ ಆರಿಸಲು ಪೆಟ್ಟಿನ ಲೆಕ್ಕ ಬೇಕಾಯಿತು. ಗಟ್ಟಿಯಾದ ಹೊರಕವಚ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ. ತಲೆಯನ್ನು ಉಳಿಸುವ ದೊಡ್ಡ ಕೆಲಸವನ್ನು ಮಾಡುವುದು ಒಳಗಿನ ಥರ್ಮಾಕೋಲ್ ಪದರ. ಅದು ಜಜ್ಜಿಹೋಗುವ ಮೂಲಕ ತಲೆ ನಿಲ್ಲಲು ಬೇಕಾದ ದೂರವನ್ನೂ ಸಮಯವನ್ನೂ ಹೆಚ್ಚಿಸುತ್ತದೆ, ಮತ್ತು ಒಮ್ಮೆ ಜಜ್ಜಿದ ಜಾಗ ಮತ್ತೆ ಆ ಕೆಲಸ ಮಾಡುವುದಿಲ್ಲ. ಯುರೋಪಿನ ಮಾನದಂಡದಲ್ಲಿ ಪೆಟ್ಟಿನ ಪರೀಕ್ಷೆಯ ವೇಗ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್ ಎಂದು ಕೇಳಿ ಹಲವರು ನಿರಾಶರಾಗುತ್ತಾರೆ. ಆದರೆ ಇದು ಗಾಡಿಯ ವೇಗವಲ್ಲ, ತಲೆ ನೇರವಾಗಿ ಗಟ್ಟಿ ಮೇಲ್ಮೈಗೆ ಬಡಿಯುವ ವೇಗ. ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದರೆ ಆ ವೇಗ ಬರುತ್ತದೆ, ಸವಾರನ ತಲೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತದೆ. ಗೋಡೆಗೋ ಕಂಬಕ್ಕೋ ನೇರವಾಗಿ ಬಡಿದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಹೀಗಾಗಿ ನಾನು ಗಲ್ಲದ ಪಟ್ಟಿಗೆ ಹೊಲಿದಿರುವ ಬಿಳಿ ಚೀಟಿಯನ್ನು ಬಿಡಿಸಿ ಓದಿದೆ. ಅಲ್ಲಿನ ಅನುಮೋದನೆಯ ಸಂಖ್ಯೆ 06 ಎಂದು ಆರಂಭವಾದರೆ ಅದು ಯುರೋಪಿನ ಹೊಸ ಮಾನದಂಡವಾದ ಇಸಿಇ 22.06ರದ್ದು, 05 ಎಂದಿದ್ದರೆ ಹಿಂದಿನದು. ಹೊಸ ಮಾನದಂಡದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸೆಕೆಂಡಿಗೆ 8.2 ಮೀಟರಿನ ಹೆಚ್ಚುವರಿ ಪರೀಕ್ಷೆಗಿಂತಲೂ 6 ಮೀಟರಿನ ನಿಧಾನದ ಪರೀಕ್ಷೆ. ಅದರಲ್ಲಿ ತಲೆಗೆ ತಟ್ಟುವ ವೇಗೋತ್ಕರ್ಷ ಗುರುತ್ವದ 180 ಪಟ್ಟನ್ನು ಮೀರಬಾರದು. ಹೆಚ್ಚಿನ ವೇಗದಲ್ಲಿ ಈ ಮಿತಿ 275. ಬರೀ ದೊಡ್ಡ ಪೆಟ್ಟಿಗೆಂದೇ ಗಟ್ಟಿಯಾಗಿ ಮಾಡಿದ ಹೆಲ್ಮೆಟ್ ಸಣ್ಣ ಪೆಟ್ಟಿನಲ್ಲಿ ಜಜ್ಜದೆ, ಇಡೀ ಆಘಾತವನ್ನು ಮಿದುಳಿಗೇ ದಾಟಿಸಿಬಿಡುತ್ತದೆ. ಈ ಪರೀಕ್ಷೆ ಅದನ್ನು ಹಿಡಿಯುತ್ತದೆ. ಓರೆಯಾದ ಮೇಲ್ಮೈಗೆ ಬಡಿಸಿ ತಲೆ ಎಷ್ಟು ರಭಸವಾಗಿ ತಿರುಗುತ್ತದೆ ಎಂಬುದನ್ನೂ 22.06 ಅಳೆಯುತ್ತದೆ. ಈ ತಿರುಗುವಿಕೆಯನ್ನು ತಗ್ಗಿಸಲು ಕೆಲವರು ಮಿಪ್ಸ್‌ನಂಥ ಜಾರುವ ಒಳಪದರ ಹಾಕುತ್ತಾರೆ. ಅರಾಯ್ ಮಾತ್ರ ಎಲ್ಲೂ ಸಿಕ್ಕಿಕೊಳ್ಳದೆ ಜಾರಿಹೋಗಲೆಂದು ಹೊರಕವಚವನ್ನೇ ನುಣುಪಾಗಿ, ದುಂಡಾಗಿ ಇಡುವ ತನ್ನ ಹಳೆಯ ನಂಬಿಕೆಯನ್ನು ಬಿಟ್ಟಿಲ್ಲ.

ಅಮೆರಿಕದ ಸಾರಿಗೆ ಇಲಾಖೆಯ ಡಾಟ್ ಗುರುತಿಗೆ ನಾನು ಕಡಿಮೆ ಬೆಲೆ ಕೊಟ್ಟೆ, ಏಕೆಂದರೆ ಅಲ್ಲಿ ತಯಾರಕರೇ ತಮ್ಮ ಹೆಲ್ಮೆಟ್ ಸರಿಯಾಗಿದೆ ಎಂದು ಘೋಷಿಸಿಕೊಳ್ಳುತ್ತಾರೆ. 1957ರಲ್ಲಿ ಆರಂಭವಾದ ಸ್ನೆಲ್ ಪ್ರತಿಷ್ಠಾನದ ಗುರುತು ಸ್ವಯಂಪ್ರೇರಿತವಾದರೂ ಸ್ವತಂತ್ರ ಪರೀಕ್ಷೆಯಿಂದ ಬಂದದ್ದು. ಬ್ರಿಟನ್ ಸರ್ಕಾರ 2007ರಲ್ಲಿ ಆರಂಭಿಸಿದ ಶಾರ್ಪ್ ಯೋಜನೆಯು ಒಂದರಿಂದ ಐದು ನಕ್ಷತ್ರ ಕೊಡುವುದಲ್ಲದೆ, ತಲೆಯ ಯಾವ ಬದಿಯಲ್ಲಿ ರಕ್ಷಣೆ ಎಷ್ಟು ಎಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಆ ಪಟ್ಟಿಯನ್ನು ತಾಳ್ಮೆಯಿಂದ ಓದಿದವರಿಗೆ ಅಗ್ಗದ ಹೆಲ್ಮೆಟ್ಟುಗಳೂ ಐದು ನಕ್ಷತ್ರ ಪಡೆದಿರುವುದು, ದುಬಾರಿಯವು ಕೆಲವು ಹಿಂದುಳಿದಿರುವುದು ಕಾಣುತ್ತದೆ. ಬೆಲೆಯನ್ನು ರಕ್ಷಣೆಯ ಅಳತೆ ಎಂದು ಯಾರೂ ತಿಳಿಯಬಾರದೆಂದು ನಾನು ಗಟ್ಟಿಯಾಗಿ ಹೇಳುವುದು ಈ ಕಾರಣಕ್ಕೆ.

ಉಳಿದ ಎರಡೂ 06ರ ಚೀಟಿ ಹೊಂದಿದ್ದರಿಂದ, ಹಣೆಯ ಮೇಲೆ ಒತ್ತಡ ಸಮನಾಗಿ ಹರಡಿದ, ಎಳೆದಾಗ ಕಡಿಮೆ ಹೊರಳಿದ ಹೆಲ್ಮೆಟ್ಟನ್ನೇ ಕೊಂಡೆ. ಕೆಲ ಕಾಲದ ಬಳಕೆಯ ಬಳಿಕ ಕೆನ್ನೆಗಳು ಸಡಿಲವೆನಿಸಿದಾಗ ಅದೇ ಮಾದರಿಗೆ ಸಿಗುವ ದಪ್ಪನೆಯ ಪ್ಯಾಡುಗಳನ್ನು ಹಾಕಿಸಿದೆ. ಅಪಘಾತವಾದಾಗ ಕುತ್ತಿಗೆ ಅಲುಗಿಸದೆ ಹೆಲ್ಮೆಟ್ ತೆಗೆಯಲು ನೆರವಾಗಲೆಂದು ಆ ಪ್ಯಾಡುಗಳ ಕೆಳಗೆ ಕೆಂಪು ಪಟ್ಟಿಗಳಿವೆ. ಅವನ್ನು ಎಳೆದು ಪ್ಯಾಡುಗಳನ್ನು ಮೊದಲು ಹೊರತೆಗೆಯುವ ಕ್ರಮವನ್ನು ನನ್ನ ಜೊತೆ ಸವಾರಿ ಮಾಡುವವರಿಗೆಲ್ಲ ಕೈಯಾರೆ ಮಾಡಿಸಿ ತೋರಿಸಿದ್ದೇನೆ.