ಸ್ಕೋಪ್ ಕೊಳ್ಳುತ್ತೀರಾ? ಮೊದಲು ವೈಸ್‌ಗೆ ಕಚ್ಚಿಸಿ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ 31 ವರ್ಷ ಫಿಟರ್ ಆಗಿದ್ದೆ. ವರ್ನಿಯರ್ ಹಚ್ಚಿ ನೋಡದೆ ಒಂದು ಬುಶ್ ಕೂಡ ಪಾಸ್ ಮಾಡಿದವನಲ್ಲ. ಮೊದಲ ರೈಫಲ್ ಸ್ಕೋಪ್ (ರೈಫಲ್ ಮೇಲೆ ಕೂಡಿಸುವ ದುರ್ಬೀನು) ಕೊಳ್ಳುವಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ! ಡಬ್ಬಿ ಮೇಲೆ 6-24×50 ಅಂತ ಬರೆದಿತ್ತು, ಅಂದರೆ 6ರಿಂದ 24 ಪಟ್ಟು, ಮುಂದಿನ ಗಾಜು 50 ಮಿ.ಮೀ. 24 ಪಟ್ಟು ದೊಡ್ಡದಾಗಿ ಕಂಡರೆ ಇನ್ನೇನು ಬೇಕು ಅಂತ 14,000 ರೂಪಾಯಿ ಎಣಿಸಿ ತಂದೆ.

50 ಮೀಟರಿಗೆ ಸೊನ್ನೆ ಮಾಡಿದೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದೆ. ಚೆನ್ನಾಗಿ ಹೊಡೆಯಿತು. 100 ಮೀಟರಿಗೆ ಸ್ಕೋಪ್‌ನ ಗುಂಡಿ ತಿರುಗಿಸಿ ಹತ್ತು ಗುಂಡು ಹೊಡೆದು, ಮತ್ತೆ 50ಕ್ಕೆ ವಾಪಸ್ ತಂದೆ. ಗುಂಡು ಎರಡು ಬೆರಳು ಪಕ್ಕಕ್ಕೆ ಬಿತ್ತು. ಅಂಗಡಿಯವರನ್ನು ಕೇಳಿದರೆ, "ನಿಮ್ಮ ಉಸಿರು ಸರಿ ಇಲ್ಲ ಕಾಕಾ" ಅಂದರು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಗಾಜನ್ನು ಆಮೇಲೆ ನೋಡಿ, ಗುಂಡಿಯನ್ನು ಮೊದಲು ನೋಡಿ. ಗುಂಡಿ ಅಂದರೆ ಮೇಲೆ, ಪಕ್ಕದಲ್ಲಿ ಟಕ್ ಟಕ್ ಅಂತ ತಿರುಗಿ ಗುರಿಯನ್ನು ಮೇಲೆ ಕೆಳಗೆ, ಆಚೆ ಈಚೆ ಸರಿಸುವ ಟರೆಟ್.

ಯಾಕೆ ಅಂತೀರಾ? ಸಾಧಾರಣ ವೇಗದ .22 ಗುಂಡನ್ನು 50 ಮೀಟರಿಗೆ ಸೊನ್ನೆ ಮಾಡಿಟ್ಟರೆ, 100 ಮೀಟರಿನಲ್ಲಿ ಅದು ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. 200ಕ್ಕೆ ಹೋದರೆ ಹತ್ತಿರ ಹತ್ತಿರ ಒಂದಾಳು! ಅಷ್ಟನ್ನೂ ಎತ್ತಿಕೊಡಬೇಕಾದದ್ದು ಆ ಪುಟ್ಟ ಗುಂಡಿ. ಒಂದು ಇಂಚಿನ ಕೊಳವೆಗಿಂತ 30 ಮಿ.ಮೀ. ಕೊಳವೆಯಲ್ಲಿ ಸಾಮಾನ್ಯವಾಗಿ ಗುಂಡಿಯ ಓಡಾಟಕ್ಕೆ ಜಾಗ ಜಾಸ್ತಿ. ಆದರೂ ಸಾಲದಿದ್ದರೆ ಕೆಳಗೆ 20 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಇಳಿಜಾರಿನ ರೈಲ್, ಅಂದರೆ ಸ್ಕೋಪ್ ಕೂಡಿಸುವ ಪಟ್ಟಿ, ಹಾಕಿಕೊಳ್ಳಿ.

ಗುಂಡಿಯ ಅಳತೆ ಎಂಒಎ ಬೇಕೋ ಮಿಲ್ ಬೇಕೋ ಅಂತ ಜಗಳ ಇದೆ. ನಾನು ಮಿಲ್ ಪಾರ್ಟಿ. ಒಂದು ಮಿಲ್ ಅಂದರೆ 100 ಮೀಟರಿನಲ್ಲಿ 10 ಸೆಂ.ಮೀ., 0.1 ಮಿಲ್‌ನ ಒಂದು ಟಕ್‌ಗೆ 1 ಸೆಂ.ಮೀ. ತಲೆ ಕೆಡುವುದಿಲ್ಲ. ಕಾಲು ಎಂಒಎ ಟಕ್ ಅಂದರೆ ಅಲ್ಲೇ ಸುಮಾರು 7 ಮಿ.ಮೀ. ಆಗುತ್ತದೆ, ಅಷ್ಟು ಸೂಕ್ಷ್ಮ ಬೇಕೆನ್ನುವವರು ಅದನ್ನೇ ಕೊಳ್ಳಲಿ. ಒಳಗಿನ ಗೆರೆ ಒಂದು ಅಳತೆ, ಗುಂಡಿ ಇನ್ನೊಂದು ಅಳತೆ ಇರುವ ಮಾಲು ಮಾತ್ರ ಬೇಡವೇ ಬೇಡ.

ಈಗ ವೈಸ್ (ಬೆಂಚಿಗೆ ಬಿಗಿದ, ವಸ್ತುವನ್ನು ಕಚ್ಚಿ ಹಿಡಿಯುವ ಇಕ್ಕಳ) ವಿಷಯ. ಟೆಸ್ಟ್ ಫೇಲ್ ಆದರೆ ವಾಪಸ್ ತಗೋಬೇಕು ಅಂತ ಅಂಗಡಿಯಲ್ಲಿ ಮೊದಲೇ ಮಾತಾಡಿಕೊಳ್ಳಿ. ರೈಫಲ್ ಬೇಡ, ಬರೀ ಸ್ಕೋಪ್ ಸಾಕು. ಕಲೆ ಬೀಳದಂತೆ ಹಳೇ ಸೈಕಲ್ ಟ್ಯೂಬ್ ಸುತ್ತಿ ಮೆತ್ತಗೆ ಕಚ್ಚಿಸಿ. ಕ್ಯಾಲೆಂಡರ್ ಹಾಳೆಗಳನ್ನು ತಿರುವಿ ಹಾಕಿ ಒಂದರ ಕೆಳಗೊಂದು ಅಂಟಿಸಿ, 5 ಸೆಂ.ಮೀ.ಗೆ ಒಂದರಂತೆ ದಪ್ಪ ಗೆರೆ ಎಳೆದು, ಟೇಪ್ ಹಿಡಿದು ಅಳೆದ 50 ಮೀಟರ್ ದೂರದಲ್ಲಿ ನೆಟ್ಟಗೆ ಕಟ್ಟಿ. ಸ್ಕೋಪ್ ಒಳಗಿನ ಅಡ್ಡಗೆರೆಯನ್ನು ಹಾಳೆಯ ಒಂದು ಗೆರೆ ಮೇಲೆ ಕೂಡಿಸಿ ಮೇಲಿನ ಗುಂಡಿಯನ್ನು 60 ಟಕ್ ತಿರುಗಿಸಿ. 0.1 ಮಿಲ್ ಸ್ಕೋಪ್ ಆದರೆ ಸರಿಯಾಗಿ 30 ಸೆಂ.ಮೀ. ಸರಿಯಬೇಕು. ಆಮೇಲೆ ವಾಪಸ್ ತನ್ನಿ. ಹೊರಟ ಗೆರೆಗೇ ಬಂದು ನಿಲ್ಲಬೇಕು. ಹತ್ತು ಸಲ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ. ನನ್ನ 14,000ದ ಮಾಲು ಮೂರನೇ ಸಲಕ್ಕೇ 3 ಸೆಂ.ಮೀ. ಪಕ್ಕಕ್ಕೆ ಹೋಗಿ ಕೂತಿತು. ಉಸಿರು ನನ್ನದು ಸರಿಯೇ ಇತ್ತು.

ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗೆರೆಯೂ ಗುರಿ ಮೇಲೆ ಸರಿದಂತೆ ಕಾಣುವ ದೋಷ, ನೋಡುವುದೂ ಅಲ್ಲೇ. ಪಕ್ಕದಲ್ಲಿರುವ ಫೋಕಸ್ ಗುಂಡಿಯಿಂದ (ಟಕ್ ಅನ್ನುವ ಟರೆಟ್ ಅಲ್ಲ) ಗುರಿ ಸ್ಪಷ್ಟ ಮಾಡಿಕೊಂಡು, ಹೌದು ಅಂದಂತೆ ತಲೆ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಹಾಳೆ ಮೇಲೆ ತೇಲಾಡಿದರೆ ಇನ್ನೂ ಸರಿಯಾಗಿಲ್ಲ ಅಂತ ಅರ್ಥ.

ಇನ್ನು ದೊಡ್ಡದು ಮಾಡುವ ವಿಷಯ. ನಾವು ಹೊಡೆಯುವ ಜಾಗದ ಸುತ್ತ ಎರೆ ಹೊಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ 10 ದಾಟಿತೋ, ನೆಲದಿಂದ ಬಿಸಿ ಎದ್ದು ಗುರಿ ನೀರಿನೊಳಗಿನ ಮೀನಿನ ಹಾಗೆ ಕುಣಿಯುತ್ತದೆ. 24ರಲ್ಲಿ ನೋಡಿದರೆ ಕುಣಿತವೂ 24 ಪಟ್ಟು. ಆಗ ನಾನು 12ಕ್ಕೆ ಇಳಿಸುತ್ತೇನೆ. ಬೆಳಕಿನ ಲೆಕ್ಕವೂ ಇದೆ: 50 ಮಿ.ಮೀ. ಗಾಜನ್ನು 24ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 2 ಮಿ.ಮೀ. ಅಷ್ಟೇ. 10ರಲ್ಲಿ 5 ಮಿ.ಮೀ. ಮೋಡದ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ.

ಫಸ್ಟ್ ಫೋಕಲ್ ಪ್ಲೇನ್ (ಪವರ್ ಏರಿಸಿದರೆ ಒಳಗಿನ ಗೆರೆಯೂ ದೊಡ್ಡದಾಗುವುದು), ಸೆಕೆಂಡ್ ಫೋಕಲ್ ಪ್ಲೇನ್ (ಗೆರೆ ಇದ್ದಷ್ಟೇ ಇರುವುದು) ಬಗ್ಗೆ ಜಾಸ್ತಿ ಚಿಂತೆ ಬೇಡ. ಗೊತ್ತಿರುವ ದೂರಕ್ಕೆ ಗುಂಡಿ ತಿರುಗಿಸಿ ಕಾಗದ ಹೊಡೆಯುವವರಿಗೆ ಸೆಕೆಂಡ್ ಸಾಕು, ಬೆಲೆಯೂ ಕಡಿಮೆ. ಗೆರೆಗಳಿಂದಲೇ ಅಳೆದು ಹೊಡೆಯುವವರಿಗೆ ಫಸ್ಟ್ ಬೇಕು, ಯಾಕೆಂದರೆ ಸೆಕೆಂಡ್‌ನಲ್ಲಿ ಗೆರೆಯ ಅಳತೆ ಒಂದೇ ಒಂದು ಪವರ್‌ನಲ್ಲಿ ನಿಜ.

ಸ್ಪ್ರಿಂಗ್ ಏರ್ ರೈಫಲ್ ಇದ್ದವರು ಅಂಗಡಿಯಲ್ಲಿ ಅದನ್ನು ಹೇಳಿಯೇ ಕೇಳಿ. ಅದು ಹಿಂದೂ ಮುಂದೂ ಎರಡೂ ಕಡೆ ಒದೆಯುತ್ತದೆ, ಬೇರೆ ರೈಫಲ್‌ಗೆ ಮಾಡಿದ ಸ್ಕೋಪ್ ಒಳಗೇ ಸಡಿಲಾಗಬಹುದು. ಮೊನ್ನೆ ಒಬ್ಬ ತಂದೆ ಮಗಳ 10 ಮೀಟರ್ ಏರ್ ರೈಫಲ್‌ಗೆ ಸ್ಕೋಪ್ ಕೇಳಿಕೊಂಡು ಬಂದರು. ಚಹಾ ಕುಡಿಸಿ ವಾಪಸ್ ಕಳಿಸಿದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ 10 ಮೀಟರ್, 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ.

ಕೊನೆಗೆ ಕೂಡಿಸುವ ಕೆಲಸ. ರಿಂಗ್ ಬಿಗಿ ಮಾಡುವ ಮೊದಲು ರೈಫಲ್ಲನ್ನು ಲೆವೆಲ್ ಇಟ್ಟು ಸಮ ಮಾಡಿ. 50 ಮೀಟರ್ ಆಚೆ ಗೌಂಡಿಯ ತೂಗುಗುಂಡು ಇಳಿಬಿಟ್ಟು, ನೆಟ್ಟಗಿನ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಸ್ಕೋಪ್ ಬರೀ 3 ಡಿಗ್ರಿ ವಾಲಿದ್ದರೂ, 200 ಮೀಟರಿಗೆ ಅಂತ ಒಂದಾಳು ಎತ್ತಿದಾಗ ಗುಂಡು ಹತ್ತಿರ ಹತ್ತಿರ 10 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ನೀವು ಸುಮ್ನೆ ಗಾಳಿಯನ್ನು ಬೈಯುತ್ತಾ ಕೂತಿರುತ್ತೀರಿ.