ಅಜ್ಜಿ ಆನೆಗೆ ತೋಳೇ ಸೊಂಡಿಲು

ಮಗಳಿಗೆ ಶಾಲೆಯ ನಾಟಕದಲ್ಲಿ ಆನೆಯ ಪಾತ್ರ ಸಿಕ್ಕಾಗ, ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನಾಟಕ ಆಡಿಸುವ ಶಿಕ್ಷಕಿಯನ್ನು ಕೇಳಿ ಕೆಲವು ಸಂಗತಿ ತಿಳಿದುಕೊಂಡೆ. ಅವಳಿಗೆ ಮಾತು ಎಷ್ಟಿದೆ, ಓಡುವುದು ಕೂರುವುದು ಇದೆಯೇ, ಹಿಂದಿನ ಪರದೆ ಯಾವ ಬಣ್ಣದ್ದು? ಮಾತು ಸಾಕಷ್ಟಿತ್ತು, ಒಂದು ಓಟವೂ ಇತ್ತು, ಪರದೆ ಕಪ್ಪು. ಅಲ್ಲಿಗೇ ವೇಷದ ಮುಕ್ಕಾಲು ಪಾಲು ತೀರ್ಮಾನವಾಯಿತು. ಮಾತಿರುವುದರಿಂದ ಬಾಯಿ ಮುಚ್ಚುವ ಮುಖವಾಡ ಬೇಡ. ಓಟವಿರುವುದರಿಂದ ಹೊಟ್ಟೆಗೆ ದಿಂಬು ಕಟ್ಟುವಂತಿಲ್ಲ. ಕಪ್ಪು ಪರದೆಯ ಮುಂದೆ ಆನೆಯ ನಿಜವಾದ ಬಣ್ಣ ತೊಡಿಸಿ ನಿಲ್ಲಿಸಿದರೆ ಮಗು ಕಾಣಿಸುವುದೇ ಇಲ್ಲ. ಆದ್ದರಿಂದ ತಿಳಿ ಬೂದು.

ಕೊನೆಯ ಸಾಲಿನಲ್ಲಿ ಕುಳಿತವರಿಗೆ ಚರ್ಮದ ಗೆರೆ, ರೆಪ್ಪೆಯ ಕೂದಲು ಯಾವುದೂ ಕಾಣುವುದಿಲ್ಲ, ಕಾಣುವುದು ಹೊರ ಆಕಾರ ಮಾತ್ರ. ಕಿವಿ ಮತ್ತು ಸೊಂಡಿಲು ಸರಿಯಾಗಿ ಕುಳಿತರೆ ಮೈಗೆ ಹಳೆಯ ಟೀ ಶರ್ಟು, ಪೈಜಾಮ ಸಾಕು. ಹಾಗಾಗಿ ಶ್ರಮವನ್ನೆಲ್ಲ ತಲೆಗೆ ಮತ್ತು ಒಂದು ತೋಳಿಗೆ ಮೀಸಲಿಟ್ಟೆ.

ಮೈಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಬಿಳಿ ಟೀ ಶರ್ಟು, ಬಿಳಿ ಪೈಜಾಮ ಎರಡನ್ನೂ ಒಂದೇ ಪಾತ್ರೆಯಲ್ಲಿ ಬಣ್ಣಕ್ಕೆ ಹಾಕಿದೆ. ಇಲ್ಲಿ ನೋಡಬೇಕಾದದ್ದು ಬಟ್ಟೆಯ ಒಳಗಿನ ಚೀಟಿ. ಅಪ್ಪಟ ಹತ್ತಿಯಾದರೆ ಸಾಮಾನ್ಯ ಬಣ್ಣದ ಪುಡಿ ಚೆನ್ನಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್ ಆದರೆ ಎಷ್ಟು ಹೊತ್ತು ನೆನೆಸಿದರೂ ಹಿಡಿಯದು. ಬಣ್ಣ ಒಂದಿಷ್ಟು ಮೋಡಮೋಡವಾಗಿ ಬಂತು. ಆನೆಗೆ ಅದೇ ಚೆಂದ ಎಂದು ಹಾಗೆಯೇ ಬಿಟ್ಟೆ.

ತಲೆಗೆ ಕುಲಾವಿ ಹೊಲಿದೆ. ಹಣೆಯ ನಡುವಿನಿಂದ ಸುತ್ತಳತೆ ತೆಗೆದುಕೊಂಡರೆ 52 ಸೆಂಟಿಮೀಟರ್ ಬಂತು. ಬನಿಯನ್ ಬಟ್ಟೆಯಂತೆ ಎಳೆದರೆ ಹಿಗ್ಗುವ ಬಟ್ಟೆಯಾದ್ದರಿಂದ ಅಳತೆಗಿಂತ ಸ್ವಲ್ಪ ಬಿಗಿಯಾಗಿಯೇ ಕತ್ತರಿಸಿದೆ. ಹಣೆಯಿಂದ ಕುತ್ತಿಗೆಯವರೆಗೆ ಒಂದು ಪಟ್ಟಿ, ಎರಡು ಪಕ್ಕಕ್ಕೆ ಎರಡು ತುಂಡು, ಅಷ್ಟೇ. ಗಲ್ಲದ ಕೆಳಗೆ ಲಾಡಿ ಕಟ್ಟುವುದು ನನಗೆ ಸರಿಬರುವುದಿಲ್ಲ. ಯಾರಾದರೂ ಹಿಂದಿನಿಂದ ಎಳೆದರೆ ಕುತ್ತಿಗೆಗೆ ಬರುತ್ತದೆ. ಅದರ ಬದಲು ಕೆನ್ನೆಯ ಪಕ್ಕದಲ್ಲಿ ಬಿಚ್ಚಿಕೊಳ್ಳುವ ಹಾಗೆ ವೆಲ್ಕ್ರೋ ಪಟ್ಟಿ ಹಾಕಿದೆ. ಎಳೆದರೆ ಕುಲಾವಿ ಕೈಗೆ ಬರುತ್ತದೆ, ಮಗು ಅಲ್ಲೇ ಇರುತ್ತದೆ.

ಇನ್ನು ಕಿವಿ. ಆಫ್ರಿಕದ ಆನೆಗೆ ಹೋಲಿಸಿದರೆ ಏಷ್ಯಾದ ಆನೆಯ ಕಿವಿ ಚಿಕ್ಕದು. ಆದರೆ ರಂಗದ ಮೇಲೆ ನಿಜದ ಅಳತೆಗೆ ಬೆಲೆಯಿಲ್ಲ, ಮೊರದಗಲವೇ ಬೇಕು. ಕಾಗದದಲ್ಲಿ ಬರೆದು ಕತ್ತರಿಸಿ, ಮಗಳ ತಲೆಯ ಪಕ್ಕ ಹಿಡಿದು, ಟಾರ್ಚ್ ಬಿಟ್ಟು ಗೋಡೆಯ ಮೇಲಿನ ನೆರಳನ್ನು ನೋಡುತ್ತ ಅಂಚನ್ನು ತಿದ್ದಿದೆ. ನೆರಳು ನೋಡಿ ಅವಳ ತಮ್ಮ "ಆನೆ" ಎಂದ ಮೇಲೆ ಬಟ್ಟೆ ಕತ್ತರಿಸಿದೆ. ಹೊರಗೆ ಬೂದು ಫೆಲ್ಟ್, ಒಳಗೆ ತಿಳಿ ಗುಲಾಬಿ ಬಟ್ಟೆ, ನಡುವೆ 5 ಮಿಲಿಮೀಟರ್ ದಪ್ಪದ ಸ್ಪಂಜಿನ ಹಾಳೆ. ಕಿವಿ ಸೆಟೆದು ನಿಲ್ಲಲೆಂದು ಕೆಲವರು ತಂತಿ ಹಾಕುತ್ತಾರೆ. ಹಾಕಬೇಡಿ. ತಂತಿಯ ತುದಿ ಬಟ್ಟೆ ತೂರಿ ಬಂದರೆ ಪಕ್ಕದ ಮಗುವಿನ ಕಣ್ಣಿನ ಎತ್ತರಕ್ಕೇ ಇರುತ್ತದೆ. ಬುಡದಲ್ಲಿ ಎರಡು ಬೆರಳಗಲ ಮಡಿಕೆ ಹಿಡಿದು ಹೊಲಿದರೆ ಕಿವಿ ತಾನೇ ಬೊಗಸೆಯಾಗಿ ಮುಂದಕ್ಕೆ ತಿರುಗುತ್ತದೆ, ನಡೆದಾಗ ಆಡುತ್ತದೆ. ಆ ಬುಡದ ಹಿಂದೆ, ಕುಲಾವಿಯಲ್ಲಿ ಮಗುವಿನ ನಿಜವಾದ ಕಿವಿಗೆ ಸರಿಯಾಗಿ ಒಂದು ಕಿಂಡಿ ಬಿಟ್ಟೆ. ಎದುರು ಪಾತ್ರದ ಮಾತು ಕೇಳಿಸದೆ ಇವಳು ತನ್ನ ಮಾತು ಎತ್ತುವುದು ಹೇಗೆ? ಆ ಕಿಂಡಿಯ ಅಂಚನ್ನು ಮಡಿಸಿ ಹೊಲಿಯಿರಿ. ಇಲ್ಲದಿದ್ದರೆ ಚರ್ಮಕ್ಕೆ ಉಜ್ಜುತ್ತದೆ.

ಸೊಂಡಿಲಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕಾಲುಚೀಲಕ್ಕೆ ಹತ್ತಿ ತುಂಬಿ ಹಣೆಗೆ ತೂಗುಹಾಕುವುದು ಎಲ್ಲರೂ ಮಾಡುವ ಉಪಾಯ. ಅದು ಮೂಗಿನ ಮೇಲೆ, ಬಾಯಿಯ ಮುಂದೆ ಓಲಾಡುತ್ತದೆ. ತಲೆ ಬಗ್ಗಿಸಿದರೆ ಕುಲಾವಿಯೇ ಮುಂದಕ್ಕೆ ಜಾರುತ್ತದೆ, ಮಗು ಮಾತು ಬಿಟ್ಟು ಅದನ್ನು ಸರಿಪಡಿಸುತ್ತ ನಿಲ್ಲುತ್ತದೆ. ಮಕ್ಕಳು ಆನೆ ಆಟ ಆಡುವಾಗ ಏನು ಮಾಡುತ್ತಾರೆ? ತೋಳನ್ನು ಮೂಗಿಗೆ ಒತ್ತಿ ಬೀಸುತ್ತಾರೆ. ನಾನು ಅದನ್ನೇ ಹೊಲಿದೆ. ಟೀ ಶರ್ಟಿನ ಬಲತೋಳನ್ನು ಭುಜದ ಹೊಲಿಗೆಯಲ್ಲಿ ಬಿಚ್ಚಿ, ಅಲ್ಲಿಗೆ ಅಗಲವಾಗಿ ಶುರುವಾಗಿ ಮಣಿಕಟ್ಟಿನತ್ತ ಸಣ್ಣದಾಗುವ ಹೊಸ ತೋಳು ಜೋಡಿಸಿದೆ. ಅದರ ಬಟ್ಟೆ ಅವಳ ಕೈಯ ಒಂದೂವರೆಯಷ್ಟು ಉದ್ದ. ಒಳಬದಿಯಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಎರಡು ಸಾಲು ಸಣ್ಣ ಎಲಾಸ್ಟಿಕ್ಕನ್ನು ಎಳೆದು ಹಿಡಿದು, ಅಂಕುಡೊಂಕು ಹೊಲಿಗೆ ಹಾಕಿದೆ. ಕೈ ಬಿಟ್ಟೊಡನೆ ಎಲಾಸ್ಟಿಕ್ ಮುದುಡಿ, ಉದ್ದನೆಯ ಬಟ್ಟೆಯೆಲ್ಲ ಅಡ್ಡ ಮಡಿಕೆಗಳಾಗಿ ಕೂತಿತು. ಬಣ್ಣದಲ್ಲಿ ಸುಕ್ಕು ಬರೆಯುವ ಕೆಲಸವೇ ಉಳಿಯಲಿಲ್ಲ. ಕೈ ಮಡಿಸಿ ಚಾಚಿದಂತೆಲ್ಲ ಮಡಿಕೆಗಳು ಬಿಚ್ಚಿ ಮತ್ತೆ ಸೇರುವುದನ್ನು ನೋಡಲು ನನಗೇ ಖುಷಿಯಾಗುತ್ತಿತ್ತು.

ತುದಿಗೆ ಕೈಚೀಲ. ಏಷ್ಯಾದ ಆನೆಯ ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಮೊನೆ ಒಂದೇ, ಮೇಲುಗಡೆ. ಆಫ್ರಿಕದ್ದಕ್ಕೆ ಮೇಲೊಂದು ಕೆಳಗೊಂದು. ಮಗಳ ನಾಲ್ಕು ಬೆರಳು ಸೇರಿ ಆ ಮೇಲಿನ ಮೊನೆಯಾಯಿತು, ಹೆಬ್ಬೆರಳು ಕೆಳಗಿನ ತುಟಿಯೊಳಗೆ ಅಡಗಿತು. ಮುಂಭಾಗಕ್ಕೆ ಗುಲಾಬಿ ಫೆಲ್ಟಿನ ಎರಡು ಹೊಳ್ಳೆ. ನಾಟಕದಲ್ಲಿ ಅವಳು ಸೊಪ್ಪಿನ ಟೊಂಗೆಯೊಂದನ್ನು ಎತ್ತಬೇಕಿತ್ತು. ಬಟ್ಟೆಯ ಮೇಲೆ ಟೊಂಗೆ ಜಾರದಂತೆ ಹಿಡಿಯುವ ಜಾಗಕ್ಕೆ ಮಾತ್ರ ತೆಳುವಾದ ರಬ್ಬರಿನ ತುಂಡು ಹೊಲಿದೆ. ಮಣಿಕಟ್ಟಿನ ಕೆಳಗಡೆ ಅಂಗೈ ಹೊರಬರುವಷ್ಟು ಸೀಳು, ಅದರ ಮೇಲೆ ಒಂದರ ಮೇಲೊಂದು ಬರುವ ಎರಡು ಪದರ. ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಕೈ ಬೇಕಲ್ಲ! ವೇಷದ ವಿಷಯದಲ್ಲಿ ದೊಡ್ಡವರು ಮರೆಯುವುದು ಇದನ್ನೇ.

ಇಷ್ಟಾದರೂ ಕೈಯನ್ನು ಪೂರ್ತಿ ದೃಶ್ಯ ಎತ್ತಿ ಹಿಡಿದರೆ ಸೋಲುತ್ತದೆ. ಆದ್ದರಿಂದ ಆನೆ ಬರುವಾಗ, ಟೊಂಗೆ ಎತ್ತುವಾಗ, ಘೀಳಿಡುವಾಗ ಸೊಂಡಿಲು ಮೇಲೆ. ಮಾತಾಡುವಾಗ ಕೆಳಗೆ ಎಂದು ಶಿಕ್ಷಕಿಯೂ ನಾವೂ ಮಾತಾಡಿಕೊಂಡೆವು.

ಆಮೇಲೆ ದಂತದ ತಕರಾರು ಎದ್ದಿತು.

"ಅಮ್ಮ, ದಂತ ಇಲ್ಲದೆ ಆನೆ ಹೇಗಾಗುತ್ತದೆ?"

"ನೀನು ಹಿಂಡಿನ ಅಜ್ಜಿ ಅಲ್ಲವೇ? ನಮ್ಮ ಕಡೆಯ ಹೆಣ್ಣಾನೆಗೆ ದಂತ ಹೊರಗೆ ಕಾಣುವುದಿಲ್ಲ."

"ಹಾಗಾದರೆ ಹಿಂಡಿಗೆ ಯಾರು ದೊಡ್ಡವರು?"

"ಅಜ್ಜಿಯೇ."

ಆನೆ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ ಎಂಬುದು ನಿಜವಾದ ಮಾತೇ ಆದ್ದರಿಂದ ನನಗೆ ಸುಳ್ಳು ಹೇಳುವ ಪ್ರಮೇಯ ಬರಲಿಲ್ಲ. ಕೆನ್ನೆಯ ಪಕ್ಕ ಚೂಪಾದ ಎರಡು ಕೊಳವೆ ಅಂಟಿಸುವ ಕೆಲಸವೂ ತಪ್ಪಿತು.

ಬಾಲಕ್ಕೆ ಬಟ್ಟೆಯ ಜಡೆ, ತುದಿಗೆ ಕಪ್ಪು ಉಲ್ಲನ್ನಿನ ಕುಚ್ಚು. ಮೊಣಕಾಲಿಗಿಂತ ಮೇಲೇ ನಿಲ್ಲಿಸಿದೆ, ಕಾಲಿಗೆ ಸಿಕ್ಕಬಾರದು. ಇದಕ್ಕೂ ವೆಲ್ಕ್ರೋ. ರಂಗದ ಹಿಂದೆ ಕಾಯುವ ಮಕ್ಕಳು ಒಬ್ಬರ ಬಾಲ ಒಬ್ಬರು ಎಳೆಯದೆ ಇರುವುದಿಲ್ಲ. ಹೊಲಿದ ಬಾಲ ಪೈಜಾಮವನ್ನೂ ಹರಿದುಕೊಂಡು ಬರುತ್ತದೆ, ಅಂಟಿಸಿದ ಬಾಲವನ್ನು ಮತ್ತೆ ಅಂಟಿಸಿದರಾಯಿತು. ಶೂಗಳ ಮೇಲೆ ಫೆಲ್ಟಿನ ಉಗುರು ನಾಲ್ಕು ನಾಲ್ಕು, ಹಿಂಗಾಲಿನ ಲೆಕ್ಕ. ಅಡಿಯನ್ನು ಮಾತ್ರ ಮುಚ್ಚಲಿಲ್ಲ, ನಯವಾದ ನೆಲದ ಮೇಲೆ ಬಟ್ಟೆ ಜಾರುತ್ತದೆ. ಮುಖಕ್ಕೆ ಹಣೆಯ ಮೇಲೆ ಒಂದಿಷ್ಟು ಬೂದು ಬಣ್ಣ ಹಚ್ಚಿದೆವು. ಹಿಂದಿನ ದಿನವೇ ಮೊಣಕೈಯ ಒಳಗಡೆ ಸ್ವಲ್ಪ ಹಚ್ಚಿ, ತುರಿಕೆ ಬರುವುದಿಲ್ಲ ಎಂದು ನೋಡಿಕೊಂಡಿದ್ದೆವು.

ಬಿಸಿ ಅಂಟಿನ ಗನ್ ಇಟ್ಟುಕೊಂಡಿದ್ದೇನೆ, ಆದರೆ ಬಳಸಿದ್ದು ಉಗುರಿಗೆ, ಹೊಳ್ಳೆಗೆ ಮಾತ್ರ. ಬಾಗುವ, ಎಳೆತ ಬೀಳುವ ಕಡೆ ಆ ಅಂಟು ಗಟ್ಟಿಯಾಗಿ ಕೂತು ಕೊನೆಗೆ ಕಿತ್ತುಬರುತ್ತದೆ. ಕಿವಿಯ ಬುಡಕ್ಕೆ ಜೋಡಿ ದಾರದ ಕೈಹೊಲಿಗೆಗೆ ಸಮನಾದದ್ದು ಯಾವುದೂ ಇಲ್ಲ. ಅಂದಹಾಗೆ, ಆ ಗನ್ನು ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಮನೆಯಲ್ಲಿ ಪೂರ್ತಿ ವೇಷ ತೊಡಿಸಿ ಮಾತುಗಳನ್ನೆಲ್ಲ ಹೇಳಿಸಿದೆ. ನೆಲದ ಮೇಲೆ ಕೂರಿಸಿ ಏಳಿಸಿದೆ, ಮೆಟ್ಟಿಲು ಹತ್ತಿಸಿ ಇಳಿಸಿದೆ. ಓಡಿದಾಗ ಕಿವಿಯ ಅಂಚು ಕಣ್ಣಿನ ಕೊನೆಗೆ ಬಡಿಯುತ್ತಿತ್ತು, ಬುಡವನ್ನು ಒಂದು ಬೆರಳಷ್ಟು ಹಿಂದಕ್ಕೆ ಸರಿಸಿದ್ದು ಆಗಲೇ. ಒಳಗೆ ತೆಳು ಬನಿಯನ್ ಸಾಕು, ದಪ್ಪ ಬಟ್ಟೆ ತೊಡಿಸಿದರೆ ರಂಗದ ದೀಪದ ಬಿಸಿಗೆ ಮಗು ಬಸವಳಿಯುತ್ತದೆ. ತನ್ನ ಸರದಿ ಬರುವ ತನಕ ಕುಲಾವಿ ತೆಗೆದಿಟ್ಟುಕೊಳ್ಳುವುದೇ ಒಳ್ಳೆಯದು.

ನಾಟಕದ ದಿನ ಶಿಕ್ಷಕಿಯ ಕೈಗೆ ಒಂದು ಚೀಲ ಕೊಟ್ಟೆ: ಬೂದು ದಾರ ಪೋಣಿಸಿದ ಸೂಜಿ, ಸಣ್ಣ ಕತ್ತರಿ, ಒಂದಿಷ್ಟು ಸೇಫ್ಟಿ ಪಿನ್ನು, ಬೇರೆ ಎಲೆಗಳ ಟೊಂಗೆ ಇನ್ನೊಂದು. ಆನೆಗೆ ಅದು ಬೇಕಾಗಲಿಲ್ಲ. ಮೊಲದ ಕಿವಿ ಕಿತ್ತುಬಂದಿತ್ತಂತೆ, ಬೂದು ದಾರದಲ್ಲೇ ಹೊಲಿದು ರಂಗಕ್ಕೆ ಕಳಿಸಿದರು.