ಮದ್ದು ಸೊಪ್ಪನ್ನು ಲ್ಯಾಬಿಗೆ ಒಯ್ಯುವ ಬಗೆ: ಔಷಧ ಸಂಶೋಧನೆಗೆ ಹೊರಟ ಕೊಡಗಿನ ವಿದ್ಯಾರ್ಥಿಗಳಿಗೆ

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪು ಬೇಯುತ್ತದೆ. ಹಸಿರೆಲೆ ಹಾಕಿದ ನೀರು ಕಡು ನೇರಳೆಯಾಗುತ್ತದೆ. ಅದರಲ್ಲಿ ಪಾಯಸವನ್ನೋ ಮದ್ದು ಪುಟ್ಟನ್ನೋ ಮಾಡಿ ತಿಂದರೆ ಮೂತ್ರಕ್ಕೂ ಕೆಂಪು ಬಣ್ಣ ಬರುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ಈ ಮಾತನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಲು ಕಲಿತವರು ಔಷಧ ಸಂಶೋಧಕರ ಕೆಲಸದ ಬಹುಪಾಲನ್ನು ಕಲಿತಂತೆ. ಬಿ.ಫಾರ್ಮ್ ಅಥವಾ ಬಿಎಸ್ಸಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಗಿಡ ಹುಡುಕಿಕೊಂಡು ಹೋಗಬೇಕಿಲ್ಲ.

ಮೊದಲ ಕೆಲಸ ಗಿಡದ ಗುರುತು. ಮದ್ದು ಸೊಪ್ಪಿನ ಸಸ್ಯಶಾಸ್ತ್ರೀಯ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಮನೆಯವರು ಹೇಳಿದರೆ ಸಾಲದು. ಕೊಂಬೆಯೊಂದನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸಸ್ಯಶಾಸ್ತ್ರಜ್ಞರಿಂದ ದೃಢಪಡಿಸಿಕೊಂಡು ಆ ಮಾದರಿಗೆ ಸಂಗ್ರಹದ ನಂಬರ್ ಪಡೆಯಿರಿ. ಮಳೆಗಾಲದಲ್ಲಿ ಬ್ಲಾಟಿಂಗ್ ಕಾಗದವನ್ನು ದಿನವೂ ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಹೂವಿಲ್ಲದಿದ್ದರೆ ಜಾಗ ಗುರುತಿಟ್ಟುಕೊಂಡು ಹೂ ಬಿಟ್ಟಾಗ ಮತ್ತೆ ಹೋಗಿ.

ಕಾಫಿ ಗಿಡಗಳ ಬುಡದಲ್ಲಿ ಬೆಳೆದ ಸೊಪ್ಪನ್ನು ಕೊಯ್ಯಬೇಡಿ. ಎಲೆ ತುಕ್ಕು ರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ತಾಮ್ರ ಎಲೆಯ ಮೇಲೆ ಉಳಿದಿರಬಹುದು, ಆಗ ಜೀವಕೋಶದ ಪರೀಕ್ಷೆಯಲ್ಲಿ ಕಂಡದ್ದು ಸೊಪ್ಪಿನ ಗುಣವೋ ತಾಮ್ರದ ಗುಣವೋ ತಿಳಿಯದು. ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲಸದಲ್ಲಿ ಕಂಪನಿ ಸೇರಿಕೊಂಡರೆ 2002ರ ಜೀವವೈವಿಧ್ಯ ಕಾಯ್ದೆ ನೆನಪಿರಲಿ. ರಾಜ್ಯ ಜೀವವೈವಿಧ್ಯ ಮಂಡಳಿಯಲ್ಲಿ ಮೊದಲೇ ವಿಚಾರಿಸಿ.

ನೆರಳಿನಲ್ಲಿ ಒಣಗಿಸಿ ಎಂದು ಪುಸ್ತಕಗಳು ಹೇಳುತ್ತವೆ. ಕಕ್ಕಡದ ಮಡಿಕೇರಿಯಲ್ಲಿ ನೆರಳಿಗಿಟ್ಟ ಸೊಪ್ಪಿಗೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆ ಸೇರುತ್ತದೆ. ಟ್ರೇ ಡ್ರೈಯರ್‌ನಲ್ಲಿ 40 ಡಿಗ್ರಿ ಇಟ್ಟು, ಎರಡು ಸಲ ತೂಗಿದರೂ ತೂಕ ಬದಲಾಗದಷ್ಟು ಒಣಗಿಸಿ. ಪುಡಿ ಮಾಡಿ, ಗಾಳಿಯಾಡದ ಬಾಟಲಿಯಲ್ಲಿ ಕತ್ತಲಲ್ಲಿಡಿ.

50 ಗ್ರಾಂ ಪುಡಿಗೆ 70 ಶೇಕಡಾ ಎಥನಾಲ್ 500 ಮಿ.ಲೀ. ಹಾಕಿ, ಆಗಾಗ ಅಲುಗಿಸುತ್ತ 48 ಗಂಟೆ ಬಿಟ್ಟು ಸೋಸಿ. ಆಮೇಲೆ ರೋಟರಿ ಇವ್ಯಾಪರೇಟರ್‌ನಲ್ಲಿ 40ರಿಂದ 45 ಡಿಗ್ರಿಯಲ್ಲಿ ಎಥನಾಲ್ ಹಾರಿಸಿ. ಫ್ಲಾಸ್ಕನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ನೊರೆ ಉಕ್ಕಿ ಸಾರವೆಲ್ಲ ಕಂಡೆನ್ಸರಿಗೆ ಏರುತ್ತದೆ. ಮನೆಯಲ್ಲಿ ಬೇಯಿಸುವುದು ನೀರಿನಲ್ಲಿ, ಹಾಗಾಗಿ ನೀರಿನ ಸಾರವನ್ನೂ ಬೇರೆಯಾಗಿ ತೆಗೆಯಲೇಬೇಕು. ಅದು ಬೇಗ ಕೆಡುತ್ತದೆ, ಅಂದೇ ಫ್ರೀಜರಿಗೆ ಸೇರಿಸಿ.

ಈ ಸೊಪ್ಪಿನಲ್ಲಿ ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣ ನೋಡಲು ಎಲ್ಲರೂ ಡಿಪಿಪಿಎಚ್ ಪರೀಕ್ಷೆ ಮಾಡುತ್ತಾರೆ. 100 ಮಿ.ಲೀ. ಮೆಥನಾಲ್‌ಗೆ ಡಿಪಿಪಿಎಚ್ ಎಂಬ ರಾಸಾಯನಿಕದ 3.94 ಮಿಲಿಗ್ರಾಂ ಹಾಕಿದರೆ ನೇರಳೆ ದ್ರಾವಣ ಸಿಗುತ್ತದೆ; ಸಾರ ಬೆರೆಸಿ 30 ನಿಮಿಷ ಕತ್ತಲಲ್ಲಿಟ್ಟು 517 ನ್ಯಾನೋಮೀಟರ್‌ನಲ್ಲಿ ಅಳೆಯಬೇಕು. ನೇರಳೆ ಎಷ್ಟು ಕಡಿಮೆಯಾಯಿತೋ ಗುಣ ಅಷ್ಟು ಹೆಚ್ಚು. ಆದರೆ ನಮ್ಮ ಸೊಪ್ಪಿನ ಸಾರಕ್ಕೇ ನೇರಳೆ ಬಣ್ಣವಿದೆ! ಯಂತ್ರಕ್ಕೆ ಯಾವ ನೇರಳೆ ಯಾರದೆಂದು ಗೊತ್ತಿಲ್ಲ. ಅದಕ್ಕೇ ಪ್ರತಿ ಪ್ರಮಾಣಕ್ಕೂ ಒಂದು ಬ್ಲ್ಯಾಂಕ್ ಇಡಿ: ಅಷ್ಟೇ ಸಾರ, ಡಿಪಿಪಿಎಚ್ ಬದಲು ಬರೀ ಮೆಥನಾಲ್. ಕಂಟ್ರೋಲ್ (ಸಾರ ಹಾಕದ ಡಿಪಿಪಿಎಚ್) 0.900, ಸ್ಯಾಂಪಲ್ 0.500, ಬ್ಲ್ಯಾಂಕ್ 0.200 ಬಂತೆಂದು ಇಟ್ಟುಕೊಳ್ಳಿ. ಬ್ಲ್ಯಾಂಕ್ ಕಳೆಯದಿದ್ದರೆ ನೇರಳೆ ಇಳಿದದ್ದು 44 ಶೇಕಡಾ, ಕಳೆದರೆ 67 ಶೇಕಡಾ. ಬದುಕಿರುವ ಜೀವಕೋಶಗಳು ಎಂಟಿಟಿ ಎಂಬ ಹಳದಿ ಬಣ್ಣದ್ರವ್ಯವನ್ನು ನೇರಳೆ ಮಾಡುತ್ತವೆ; ಆ ಪರೀಕ್ಷೆಯಲ್ಲಿ ತಪ್ಪು ತಿರುವುಮುರುವು: ಸಾರವೇ ಎಂಟಿಟಿಗೆ ಬಣ್ಣ ಬರಿಸಿದರೆ ಸತ್ತ ಕೋಶಗಳೂ ಬದುಕಿರುವಂತೆ ಕಾಣುತ್ತವೆ. ಪರೀಕ್ಷಾ ಪ್ಲೇಟಿನ ಕೋಶವಿಲ್ಲದ ಗುಳಿಗಳಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಿ.

ಇನ್ನು ಹದಿನೆಂಟನೆಯ ದಿನದ ಮಾತು. ಹತ್ತು ಗಿಡಗಳಿಗೆ ಗುರುತು ಕಟ್ಟಿ, ಅವೇ ಗಿಡಗಳಿಂದ ಕಕ್ಕಡ 8, 18 ಮತ್ತು 28ರಂದು ಬೆಳಗಿನ ಅದೇ ಹೊತ್ತಿಗೆ ಕೊಯ್ಯಿರಿ. ಒಣಗಿಸಿದ ಮೇಲೆ ಬಾಟಲಿಗಳಿಗೆ ಸಂಕೇತ ಸಂಖ್ಯೆ ಬರೆಯುವ ಕೆಲಸ ಬೇರೆಯವರಿಗೆ ಕೊಡಿ. ಅಳೆಯುವವರಿಗೆ ಯಾವುದು ಯಾವ ದಿನದ್ದೆಂದು ತಿಳಿಯಬಾರದು. ಒಂದೇ ಸಾರವನ್ನು ಮೂರು ಗುಳಿಯಲ್ಲಿ ಅಳೆದರೆ ಅದು ಮೂರು ಪ್ರಯೋಗವಲ್ಲ. ಹದಿನೆಂಟರದ್ದೇ ಹೆಚ್ಚು ಬರಲಿ ಎಂಬ ಆಸೆ ನಮಗೆಲ್ಲ ಇದೆ, ಎಚ್ಚರ ಬೇಕಾದದ್ದೂ ಅಲ್ಲೇ.

ಓದಿನ ದಾರಿ ಹೀಗೆ. ಪಿಯುಸಿಯಲ್ಲಿ ಭೌತ, ರಸಾಯನದ ಜೊತೆ ಜೀವಶಾಸ್ತ್ರ ಅಥವಾ ಗಣಿತ, ಸಿಇಟಿ ಬರೆದು ನಾಲ್ಕು ವರ್ಷದ ಬಿ.ಫಾರ್ಮ್, ಜಿಪ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಎಂ.ಫಾರ್ಮ್, ನಂತರ ಪಿಎಚ್‌ಡಿ. ಮೊಹಾಲಿ, ಹೈದರಾಬಾದ್ ಮೊದಲಾದ ಏಳು ಕಡೆ ಇರುವ ರಾಷ್ಟ್ರೀಯ ಔಷಧ ಶಿಕ್ಷಣ ಸಂಶೋಧನಾ ಸಂಸ್ಥೆಗಳಾದ ನೈಪರ್‌ಗಳಿಗೆ ಬೇರೆ ಪ್ರವೇಶ ಪರೀಕ್ಷೆ. ಬಿಎಸ್ಸಿ ಮಾಡಿದವರಿಗೆ ಎಂ.ಫಾರ್ಮ್ ಸಿಗುವುದಿಲ್ಲ, ಇದು ತಡವಾಗಿ ತಿಳಿದು ಪರದಾಡುವವರು ಇದ್ದಾರೆ. ಅವರು ಎಂಎಸ್ಸಿ ಮಾಡಿ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬೇಕು. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರಲ್ಲಿ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ.

ಬೆಂಗಳೂರಿನ ಕಂಪನಿಗಳಿಗೆ ಸಂದರ್ಶನಕ್ಕೆ ಹೋಗುವಾಗ ಪ್ರಾಜೆಕ್ಟಿನ ನೋಟ್‌ಬುಕ್ ಕೊಂಡೊಯ್ಯಿರಿ. ಅದನ್ನು ಪೆನ್ನಿನಲ್ಲೇ ಬರೆದಿರಬೇಕು. ತಪ್ಪಾದಲ್ಲಿ ವೈಟ್ನರ್ ಹಚ್ಚದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮತ್ತು ತಾರೀಖು ಹಾಕಿರಬೇಕು. ಬ್ಲ್ಯಾಂಕ್ ಕಳೆಯದೆ 44 ಬಂದ ಪುಟ ಇದ್ದರೆ ಹರಿಯಬೇಡಿ. ಅದನ್ನೇ ತೆರೆದು ತೋರಿಸಿ, 67 ಹೇಗೆ ಬಂತೆಂದು ವಿವರಿಸಿ.